ಗುಡುಗಮ್ಮನ ಫೋಲ್ಡರಿನ ಮೇಲೆ ಕೂತವರು

“ನನ್ನ ಬೂತಿಗೆ ಬಂದ ಸದ್ದು ಕಳೆದುಹೋಯ್ತು ಅನ್ನೋ ಮಾತೇ ಇಲ್ಲ. ಸೊಳ್ಳೆ ಗುಂಯ್ ಅಂದಿದ್ರೂ ಸರಿ, ನನ್ನ ಕಣ್ಣು ಕಟ್ಟಿಬಿಡಿ, ಎಲ್ಲಿದೆ ಅಂತ ತೆಗೆದುಕೊಡ್ತೀನಿ.”

ಗುಡುಗಮ್ಮ ಈ ಮಾತನ್ನು ಯಾರೂ ಕೇಳದಿದ್ದಾಗಲೂ ಹೇಳುತ್ತಿದ್ದಳು. ಕೇಳಿದರಂತೂ ಕುರ್ಚಿ ಎಳೆದು ಕೂರಿಸಿ ಹೇಳುತ್ತಿದ್ದಳು. ರಂಗಮಂದಿರದ ಹಿಂಗೋಡೆಯಲ್ಲಿ, ಪಾರಿವಾಳ ಕೂಡ ಎರಡು ಸಲ ಯೋಚಿಸಿ ಒಳಬರುವಷ್ಟು ಚಿಕ್ಕದಾದ ಒಂದು ಗೂಡು ಇತ್ತು. ಅದಕ್ಕೊಂದು ಗಾಜಿನ ಕಿಟಕಿ, ಕಿಟಕಿಯ ಕೆಳಗೆ ಒಂದು ಮೇಜು, ಮೇಜಿನ ಒಂದು ಕಡೆ ಆಕೆಯ ಕಂಪ್ಯೂಟರ್, ಇನ್ನೊಂದು ಕಡೆ ಆಕೆಯ ಗಂಡನ ದೀಪದ ಗುಂಡಿಗಳು. ಅದೇ ಬೂತು. ನಾಟಕದ ಗುಡುಗು ಹೆಂಡತಿಯದು, ಮಿಂಚು ಗಂಡನದು. ಮದುವೆಯಾದಾಗಿನಿಂದ ಇಬ್ಬರಿಗೂ ಇದ್ದ ಜಗಳ ಒಂದೇ. ಮಿಂಚು ಮೊದಲು ಬರುತ್ತದೆ, ಆದ್ದರಿಂದ ಮನೆಯ ಹಿರಿತನ ತನ್ನದು ಎಂದು ಗಂಡ. ಮಿಂಚನ್ನು ಕಂಡವರು ಕಣ್ಣು ಮುಚ್ಚುತ್ತಾರೆ, ಗುಡುಗನ್ನು ಕೇಳಿದವರು ಕೈ ಮುಗಿಯುತ್ತಾರೆ, ಈಗ ಹೇಳಿ ಹಿರಿಯರು ಯಾರು ಎಂದು ಹೆಂಡತಿ.

ಆಕೆಗೆ ಆ ಹೆಸರು ಸುಮ್ಮನೆ ಬರಲಿಲ್ಲ. ಕಂಪ್ಯೂಟರ್ ಬರುವ ಮುಂಚೆ ಬೂತಿನ ಮೂಲೆಯಲ್ಲಿ ಒಂದು ಆಳೆತ್ತರದ ತಗಡಿನ ಹಾಳೆ ತೂಗುತ್ತಿತ್ತು. ಅದರ ಕೆಳ ಅಂಚು ಹಿಡಿದು ಅಲುಗಿಸಿದರೆ ಗುಡುಗು. ಎಲ್ಲರೂ ಅಲುಗಿಸಬಹುದಿತ್ತು, ಆದರೆ ಎಲ್ಲರ ಕೈಯಲ್ಲೂ ಅದು ತಗಡಾಗಿಯೇ ಉಳಿಯುತ್ತಿತ್ತು. ಆಕೆ ಮುಟ್ಟಿದರೆ ಮಾತ್ರ ದೂರದ ಬೆಟ್ಟದ ಹಿಂದೆ ಎಲ್ಲೋ ಹುಟ್ಟಿ, ಹೊಟ್ಟೆ ಹೊರಳಿಸಿಕೊಂಡು, ತಲೆಯ ಮೇಲೆ ಬಂದು ಬಿರಿಯುತ್ತಿತ್ತು. ಮೊದಲ ಸಲ ಆಕೆ ಅದನ್ನು ಅಲುಗಿಸಿದ ದಿನ ಪ್ರೇಕ್ಷಕರಲ್ಲಿ ಅರ್ಧ ಜನ ಕೂತಲ್ಲೇ ಕೊಡೆ ಬಿಚ್ಚಿದರಂತೆ. ಎದುರು ಬೀದಿಯ ಹೆಂಗಸೊಬ್ಬಳು ಮಹಡಿಗೆ ಓಡಿ ಒಣಗಹಾಕಿದ್ದ ಬಟ್ಟೆ ತಂದಳಂತೆ, ಅವಸರದಲ್ಲಿ ಪಕ್ಕದ ಮನೆಯವರದನ್ನೂ ಸೇರಿಸಿ. ಅದರಾಚೆಯ ಬೀದಿಯ ಬಾವಿಯಲ್ಲಿ ನೀರು ಒಂದು ಗೇಣು ಏರಿತೆಂದೂ ಗುಡುಗಮ್ಮ ಹೇಳುತ್ತಿದ್ದಳು. ಬಾವಿಯ ಮನೆಯವರು ಮಾತ್ರ ಅದನ್ನು ಇವತ್ತಿನವರೆಗೂ ಒಪ್ಪಿಲ್ಲ.

ಕಂಪ್ಯೂಟರನ್ನು ಗಂಡ ತಂದದ್ದು. ಯಾರೋ ಕಚೇರಿಯವರು ಮುದಿಯಾಯಿತೆಂದು ಹೊರಗಿಟ್ಟಿದ್ದ ಯಂತ್ರ. ಅದರ ಮೇಲೆ ಏನೇ ಹಾಕಿದರೂ ಏದುಸಿರು ಬಿಡುತ್ತಿತ್ತು. ಕೊನೆಗೆ ಲಿನಕ್ಸ್ ಎಂಬ ಹಗುರ ತಂತ್ರಾಂಶ ಹಾಕಿದರು. ಹಾಕಿದ್ದೇ ತಡ, ಮುದುಕನಿಗೆ ಹೊಸ ಹಲ್ಲು ಕಟ್ಟಿಸಿದ ಹಾಗೆ ಕಟಕಟ ಕೆಲಸ ಶುರುವಾಯಿತು. ಗುಡುಗಮ್ಮ ಅದನ್ನು ಪುಸ್ತಕ ಓದಿ, ಗಂಡನ ಹತ್ತಿರ ಜಗಳವಾಡಿ, ಯಂತ್ರದ ಹತ್ತಿರ ಇನ್ನೂ ಹೆಚ್ಚು ಜಗಳವಾಡಿ ಕಲಿತಳು. ತಾನು ಹುಟ್ಟಿಸಿದ ಗುಡುಗು, ರೈಲು, ನಾಯಿ, ಬಾಗಿಲಿನ ಕಿರ್ರು, ಮಗುವಿನ ಅಳು ಎಲ್ಲವನ್ನೂ ಒಂದು ಕೆಂಪು ಡಬ್ಬಿಯ ಡಿಸ್ಕಿಗೆ ತುಂಬಿದಳು. ಹಾಗೆಂದು ತಗಡಿನ ಹಾಳೆಯನ್ನು ಕೆಳಗಿಳಿಸಲಿಲ್ಲ. ಅದು ಅಲ್ಲೇ ಧೂಳು ಕುಡಿಯುತ್ತ ತೂಗುತ್ತಿತ್ತು.

ಇಲ್ಲಿ ಲಿನಕ್ಸಿನ ಒಂದು ರೀತಿಯನ್ನು ಹೇಳದೆ ಮುಂದೆ ಹೋಗುವಂತಿಲ್ಲ. ಅದರಲ್ಲಿ ಹೊರಗಿನ ಡಿಸ್ಕಿಗೆ ಬೇರೆ ಮನೆ, ಬೇರೆ ಬಾಗಿಲು ಇರುವುದಿಲ್ಲ. ಇರುವ ಒಂದೇ ಮನೆಯಲ್ಲಿ ಒಂದು ಖಾಲಿ ಫೋಲ್ಡರನ್ನು ತೋರಿಸಿ, ಇಲ್ಲಿ ಕೂತುಕೋ ಎಂದು ಹೇಳಬೇಕು. ಡಿಸ್ಕು ಬಂದು ಅದರ ಮೇಲೆ ಕೂರುತ್ತದೆ. ಆಮೇಲೆ ಆ ಫೋಲ್ಡರಿನೊಳಗೆ ಹೋದವರೆಲ್ಲ ಡಿಸ್ಕಿನೊಳಗೆ ಹೋದಂತೆಯೇ. ಗುಡುಗಮ್ಮ ತನ್ನ ಡಿಸ್ಕಿಗೆ ಹಾಕಿಕೊಟ್ಟ ಪೀಠದ ಹೆಸರು /gudugu. ಆ ಫೋಲ್ಡರಿನ ಹಕ್ಕನ್ನೆಲ್ಲ ತನ್ನ ಹೆಸರಿಗೆ ಮಾಡಿಕೊಂಡಿದ್ದಳು. ಒಂದು ವೇಳೆ ಡಿಸ್ಕು ಸಿಗದಿದ್ದರೂ ರಗಳೆ ತೆಗೆಯದೆ ಎದ್ದು ಕೆಲಸ ಶುರುಮಾಡು ಎಂದು ಯಂತ್ರಕ್ಕೆ ಬರೆದೂ ಇಟ್ಟಿದ್ದಳು. ಹೇಳಿದ ಮಾತು ಕೇಳುವ ಯಂತ್ರ ಎಷ್ಟು ಅಪಾಯಕಾರಿ ಎಂಬುದು ಆಗ ಆಕೆಗೆ ಗೊತ್ತಿರಲಿಲ್ಲ.

ಈಗ ತಂಗಿಯ ವಿಷಯ. ಗುಡುಗಮ್ಮನ ತಂಗಿಯನ್ನು ತಂಡದವರು ಒಳದನಿ ಎಂದೇ ಕರೆಯುತ್ತಿದ್ದರು. ರಂಗದ ಮೇಲೆ ಬಂದರೆ ಕೈಕಾಲು ಹಗ್ಗದಂತಾಗಿಬಿಡುತ್ತಿದ್ದ ಹೆಂಗಸು ಅವಳು. ಪರದೆಯ ಹಿಂದೆ ನಿಲ್ಲಿಸಿದರೆ ಮಾತ್ರ ಹುಲಿ. ಕಾಣದ ತಾಯಂದಿರು, ಫೋನಿನಾಚೆಯ ಮೇಡಂಗಳು, ಬಾವಿಯೊಳಗಿನ ದೆವ್ವಗಳು ಎಲ್ಲ ಅವಳೇ. ಅವಳ ಮುಖ ಊರಿಗೆ ಗೊತ್ತಿರಲಿಲ್ಲ. ಅವಳ ದನಿ ಗೊತ್ತಿಲ್ಲದ ಮನೆ ಇರಲಿಲ್ಲ. ತರಕಾರಿ ಕೊಳ್ಳುವಾಗ ಅವಳು “ಇದೇನಿದು ಬಾಡಿದೆ” ಎಂದರೆ ಸಾಕು, ಅಂಗಡಿಯವನು ಯಾವುದೋ ನಾಟಕದ ಅತ್ತೆ ನೆನಪಾಗಿ ತಕ್ಕಡಿಗೆ ಒಂದು ಹಿಡಿ ಹೆಚ್ಚು ಹಾಕುತ್ತಿದ್ದ.

ಆ ವರ್ಷ ಅವಳ ಗಂಟಲಲ್ಲಿ ಗೆಡ್ಡೆ ಕಾಣಿಸಿಕೊಂಡಿತು. ಜೀವ ಉಳಿಯಬೇಕಾದರೆ ದನಿಪೆಟ್ಟಿಗೆಯನ್ನು ತೆಗೆಯಲೇಬೇಕು ಎಂದರು ಡಾಕ್ಟರು. ತಂಗಿ ಮನೆಗೆ ಬಂದು ಅಕ್ಕನ ಎದುರು ಕೂತು, ಅತ್ತದ್ದು ಸ್ವಲ್ಪ, ಮಾತಾಡಿದ್ದು ಬಹಳ. ಹೊಸ ನಾಟಕವೊಂದು ತಯಾರಾಗುತ್ತಿತ್ತು. ಅದರಲ್ಲಿ ಒಳಕೋಣೆಯಲ್ಲಿ ಹಾಸಿಗೆ ಹಿಡಿದ ಅಜ್ಜಿಯೊಬ್ಬಳಿದ್ದಾಳೆ. ಮೊದಲಿಂದ ಕೊನೆಯವರೆಗೆ ಒಮ್ಮೆಯೂ ಕಾಣಿಸಿಕೊಳ್ಳದೆ, ಗೋಡೆಯಾಚೆಯಿಂದಲೇ ಇಡೀ ಮನೆಯನ್ನು ಗದರಿಸಿ ನಡೆಸುತ್ತಾಳೆ. ಆ ಪಾತ್ರವನ್ನು ತಾನೇ ಮಾಡಬೇಕು, ಗಂಟಲು ಕೊಯ್ಯಿಸಿಕೊಳ್ಳುವ ಮುಂಚೆ ಅಷ್ಟನ್ನೂ ಹಿಡಿದಿಡು ಎಂದಳು. ರಂಗಮಂದಿರಕ್ಕೆ ಬಣ್ಣ ಬಳಿಯುತ್ತಿದ್ದ ರಜೆಯ ದಿನಗಳವು. ಅಕ್ಕತಂಗಿಯರು ಬೂತಿನ ಕಿಟಕಿಗೆ ಕಂಬಳಿ ಹೊದಿಸಿ, ಸುಣ್ಣದ ವಾಸನೆಯಲ್ಲಿ ಕೂತು, ಅಜ್ಜಿಯ ಒಂದೊಂದು ಗದರಿಕೆಯನ್ನೂ ದಾಖಲಿಸಿದರು. ಕೆಮ್ಮು ಬಂದರೆ ನಿಲ್ಲಿಸುವುದು, ನೀರು ಕುಡಿಯುವುದು, ಮತ್ತೆ ಶುರು. ಕೊನೆಗೆ ತಂಗಿ ಹೆಡ್‌ಫೋನ್ ಹಾಕಿಕೊಂಡು ಎಲ್ಲವನ್ನೂ ಕೇಳಿ, ಹ್ಞೂಂ ಎಂದು ತಲೆಯಾಡಿಸಿ ಆಸ್ಪತ್ರೆಗೆ ಹೋದಳು. ಬರುವಾಗ ಕೊರಳಿಗೊಂದು ಬಟ್ಟೆ ಸುತ್ತಿತ್ತು, ಒಳಗೆ ದನಿ ಇರಲಿಲ್ಲ.

ನಾಟಕದ ಮೊದಲ ಪ್ರದರ್ಶನ ಭಾನುವಾರ ಮಧ್ಯಾಹ್ನ. ತಾಲೀಮಿನಲ್ಲೆಲ್ಲ ನಟರೇ ಅಜ್ಜಿಯ ಮಾತನ್ನು ಬಾಯಲ್ಲಿ ಹೇಳಿಕೊಂಡು ಮುಂದೆ ಹೋಗಿದ್ದರು, ತಂಗಿಯ ದನಿಯನ್ನು ಗುಡುಗಮ್ಮ ಈ ದಿನಕ್ಕೇ ಮೀಸಲಿಟ್ಟಿದ್ದಳು. ತಂಗಿ ಮೊದಲ ಸಾಲಿನ ನಡುವಿನ ಕುರ್ಚಿಯಲ್ಲಿ ಬಂದು ಕೂತಾಗಿತ್ತು. ಇಷ್ಟು ವರ್ಷ ಪರದೆಯ ಆ ಕಡೆ ಇದ್ದವಳು ಮೊದಲ ಬಾರಿಗೆ ಈ ಕಡೆ. ತನ್ನ ಪಾತ್ರವನ್ನು ತಾನೇ ನೋಡಲು, ಅಲ್ಲ, ಕೇಳಲು ಬಂದಿದ್ದಳು. ಮೇಲೆ ಬೂತಿನಲ್ಲಿ ಗುಡುಗಮ್ಮ ಜನ ಕೂರುವವರೆಗಿನ ವಾದ್ಯಸಂಗೀತವನ್ನು ಹಚ್ಚಿ, ಸದ್ದುಗಳನ್ನು ಕ್ರಮಕ್ಕೆ ಜೋಡಿಸಿಕೊಳ್ಳಲೆಂದು /gudugu ತೆರೆದಳು. ಗುಡುಗು ಇತ್ತು. ರೈಲು ಇತ್ತು. ಹಳೆಯ ನಾಟಕದ ಹಂದಿಯ ಕಿರುಚಾಟ ಕೂಡ ಇತ್ತು. ತಂಗಿ ಎಂಬ ಹೆಸರಿನ ಫೋಲ್ಡರ್ ಇರಲಿಲ್ಲ.

ಮುಚ್ಚಿ ತೆರೆದಳು. ಇರಲಿಲ್ಲ. ಕಸದ ಬುಟ್ಟಿ ಕೆದಕಿದಳು. ಹುಡುಕುವ ಕಿಟಕಿಯಲ್ಲಿ ಹೆಸರು ಬರೆದು ಯಂತ್ರವನ್ನೆಲ್ಲ ಜಾಲಾಡಿಸಿದಳು. ಯಂತ್ರ ಮನೆಮನೆಯ ಬಾಗಿಲು ತಟ್ಟಿ ಬಂದು, ಅಂಥವರು ಯಾರೂ ಇಲ್ಲ ಎಂದಿತು. ಎರಡನೆಯ ಪ್ರತಿ ಇರಲಿಲ್ಲ. ಒಂದು ಪ್ರತಿ ಬೇರೆ ಕಡೆ ಇಟ್ಟಿರು ಎಂದು ಗಂಡ ಹೇಳಿದಾಗಲೆಲ್ಲ ಆಕೆ ಸೊಳ್ಳೆಯ ಮಾತು ಹೇಳಿ ಬಾಯಿ ಮುಚ್ಚಿಸಿದ್ದಳು. ಮತ್ತೆ ದಾಖಲಿಸೋಣವೆಂದರೆ ಆ ದನಿ ಈಗ ಭೂಮಿಯ ಮೇಲೆ ಬೇರೆಲ್ಲೂ ಇರಲಿಲ್ಲ.

ಗಂಡ ಹೆಂಡತಿಯ ಮುಖ ನೋಡಿದ. ದೀಪದ ಗುಂಡಿಗಳ ಮೇಲಿಂದ ಕೈ ತೆಗೆದು ಮಡಿಲಲ್ಲಿಟ್ಟುಕೊಂಡ. ಆ ಮನುಷ್ಯ ಕೀಟಲೆ ಮಾಡದೆ ಸುಮ್ಮನಿದ್ದನೆಂದರೆ ಮನೆಗೆ ಬೆಂಕಿ ಬಿದ್ದಿದೆ ಎಂದೇ ಅರ್ಥ.

ಅಷ್ಟರಲ್ಲಿ ಮೆಟ್ಟಿಲು ಕಿರುಗುಟ್ಟಿ ಮ್ಯಾನೇಜರು ಹತ್ತಿ ಬಂದರು. ಅವರದು ತುಂಬಿದ ಮೈ. ಎಲ್ಲಿ ಕುರ್ಚಿ ಕಂಡರೂ ಅದರ ಮೇಲೆ ಏನಿದೆ ಎಂದು ನೋಡದೆ ಕೂರುವುದು ಅವರ ಅಭ್ಯಾಸ. ಆ ರಂಗಮಂದಿರದಲ್ಲಿ ಕಳೆದುಹೋದದ್ದೆಲ್ಲ ಕೊನೆಗೆ ಸಿಗುತ್ತಿದ್ದುದು ಅವರ ಅಡಿಯಲ್ಲೇ. ರಟ್ಟಿನ ಕಿರೀಟ, ನಾಯಕನ ಮೀಸೆ, ಯಾರದೋ ಊಟದ ಡಬ್ಬಿ. ಒಮ್ಮೆ ಎರಡು ದಿನ ಹುಡುಕಿದ ಒಂದು ಸಣ್ಣ ಮೇಜು ಕೂಡ ಅಲ್ಲೇ ಸಿಕ್ಕಿತೆಂದು ಗುಡುಗಮ್ಮ ಆಣೆ ಮಾಡಿ ಹೇಳುತ್ತಿದ್ದಳು. ಅವರು ಬಂದವರೇ ಬೂತಿನ ಇನ್ನೊಂದು ಕುರ್ಚಿಯ ಮೇಲೆ ಧೊಪ್ಪನೆ ಕೂತು, ನಾಯಕನ ಹಸಿರು ಶಾಲು ಕಾಣಿಸುತ್ತಿಲ್ಲ, ಇಲ್ಲಿಗೇನಾದರೂ ತಂದಿರಾ ಎಂದು ವಿಚಾರಿಸಿದರು. ಆಮೇಲೆ ಇಬ್ಬರ ಮುಖವನ್ನೂ ನೋಡಿ ವಿಷಯ ಕೇಳಿದರು. ಗಂಡನೇ ಹೇಳಿದ.

ಮ್ಯಾನೇಜರು ಕೆಟ್ಟವರಲ್ಲ. ಸ್ವಲ್ಪ ಹೊತ್ತು ನಿಜವಾಗಿಯೂ ಮರುಗಿದರು. ಆಮೇಲೆ ಅವರೊಳಗಿನ ಮ್ಯಾನೇಜರಿಗೆ ಎಚ್ಚರವಾಯಿತು. ಜನ ತುಂಬಿದ್ದಾರೆ, ನಾಟಕ ನಿಲ್ಲಿಸುವಂತಿಲ್ಲ, ಟಿಕೆಟ್ ಕೊಡುವ ಹೆಂಗಸನ್ನು ಪರದೆಯ ಹಿಂದೆ ನಿಲ್ಲಿಸಿ ಮಾತು ಓದಿಸೋಣ ಎಂದರು.

“ದನಿ ಅಂದ್ಮೇಲೆ ದನಿ, ಗುಡುಗಮ್ಮ. ಯಾರದಾದ್ರೇನು, ಜನಕ್ಕೆ ಕಾಣಿಸುತ್ತಾ?”

ಆ ಹೆಂಗಸು ಜೀವನವಿಡೀ “ಮುಂದಿನವರು ಬನ್ನಿ” ಎಂಬ ಒಂದೇ ಧಾಟಿಯಲ್ಲಿ ಮಾತಾಡಿದವಳು. ಸಾಯುವ ಅಜ್ಜಿ ಮೊಮ್ಮಗನನ್ನು ಹತ್ತಿರ ಕರೆಯುವ ಮಾತನ್ನೂ ಅವಳು ಹಾಗೇ ಹೇಳಿದರೆ ಪ್ರೇಕ್ಷಕರು ಎದ್ದು ಸಾಲಾಗಿ ನಿಂತಾರು. ಗುಡುಗಮ್ಮ ಕಿಟಕಿಯಿಂದ ಕೆಳಗೆ ನೋಡಿದಳು. ಮೊದಲ ಸಾಲಿನಲ್ಲಿ ತಂಗಿಯ ತಲೆ ಕಂಡಿತು. ಹೊಸದಾಗಿ ಬಾಚಿದ ತಲೆ. ಆ ಜಾಗದಲ್ಲಿ ಕೂತು ಇನ್ನೊಬ್ಬಳ ಬಾಯಿಂದ ತನ್ನ ಕೊನೆಯ ಪಾತ್ರವನ್ನು ಅವಳು ಕೇಳಬೇಕೇ?

ಮ್ಯಾನೇಜರು ಮತ್ತೆ ಶಾಲಿನ ಮಾತೆತ್ತಿದರು. ಅದು ಬೂತಿಗೇ ಬಂದಿದೆ ಎಂದು ವೇಷಭೂಷಣ ನೋಡಿಕೊಳ್ಳುವವನು ಹೇಳಿದನಂತೆ. ಬೆಳಿಗ್ಗೆ ದೀಪ ಹಾಕಿ ಬಣ್ಣ ನೋಡಲು ತಂದಿದ್ದು ನಿಜ ಎಂದ ಗಂಡ. ಮಡಿಸಿ ಆ ಕುರ್ಚಿಯ ಮೇಲೇ ಇಟ್ಟಿದ್ದನಂತೆ.

“ಯಾವ ಕುರ್ಚಿ?” ಎಂದರು ಮ್ಯಾನೇಜರು.

“ನೀವು ಏಳಿ ಸ್ವಲ್ಪ,” ಎಂದಳು ಗುಡುಗಮ್ಮ.

ಅವರು ಎದ್ದರು. ಹಸಿರು ಶಾಲು ಅಲ್ಲೇ ಇತ್ತು, ಹಪ್ಪಳದಷ್ಟು ತೆಳ್ಳಗಾಗಿ, ಆದರೆ ಒಂದು ಎಳೆಯೂ ಹಾಳಾಗದೆ. ಗುಡುಗಮ್ಮ ಶಾಲನ್ನು ನೋಡಿದಳು, ಕುರ್ಚಿಯನ್ನು ನೋಡಿದಳು, ಮ್ಯಾನೇಜರನ್ನು ಮೇಲಿಂದ ಕೆಳಗೆ ನೋಡಿದಳು. ಮ್ಯಾನೇಜರಿಗೆ ಸಂಕೋಚವಾಗುವಷ್ಟು ಹೊತ್ತು ನೋಡಿದಳು. ಆಕೆ ನೋಡುತ್ತಿದ್ದುದು ಅವರನ್ನಲ್ಲ. ಕುರ್ಚಿ ಇದೆ. ಕುರ್ಚಿಯ ಮೇಲೆ ವಸ್ತು ಇದೆ. ಅದರ ಮೇಲೊಬ್ಬರು ಬಂದು ಕೂತರೆ, ಎದುರಿಗೆ ನಿಂತು ಹುಡುಕುವವರಿಗೆ ಕಾಣುವುದು ಕೂತವರು ಮಾತ್ರ.

ಥಟ್ಟನೆ ಕೀಲಿಮಣೆಗೆ ತಿರುಗಿ ಹೀಗೆ ಹೊಡೆದಳು:

findmnt /gudugu

ಈ ಪೀಠದ ಮೇಲೆ ಈಗ ಯಾರು ಕೂತಿದ್ದಾರೆ ಎಂದು ಲಿನಕ್ಸನ್ನು ಕೇಳುವ ರೀತಿ ಅದು. ಲಿನಕ್ಸ್ ಕೇಳಿದ್ದಕ್ಕಷ್ಟೇ ಉತ್ತರ ಕೊಡುವ ಗುಮಾಸ್ತನಂತೆ ಒಂದು ಸಾಲು ತೋರಿಸಿತು. ಕೂತಿದ್ದದ್ದು /dev/sdb1. ಅಂದರೆ ಕೆಂಪು ಡಬ್ಬಿ. ಅದರಲ್ಲಿ ಅಚ್ಚರಿಯೇನೂ ಇರಲಿಲ್ಲ. ಈಗ ಆಕೆಗೆ ಬೇಕಾಗಿದ್ದುದು ಬೇರೆ ಪ್ರಶ್ನೆಯ ಉತ್ತರ. ತಂಗಿಯ ದನಿಯನ್ನು ಹಿಡಿದ ದಿನಗಳಲ್ಲಿ ಅಲ್ಲಿ ಯಾರು ಕೂತಿದ್ದರು? ಅದನ್ನು ಯಂತ್ರ ಹೇಳಲಾರದು.

“ರೀ, ಆ ದಿನ ಮೈಕಿನ ವೈರು ಎಲ್ಲಿಗೆ ಚುಚ್ಚಿದ್ದೆ ನಾನು?”

ಗಂಡ ಕಂಪ್ಯೂಟರಿನ ಹಿಂದಕ್ಕೆ ಬೆರಳು ತೋರಿಸಿದ. ಮುದಿ ಯಂತ್ರದ ಬೆನ್ನಿನಲ್ಲಿದ್ದ ತೂತುಗಳಲ್ಲಿ ಜೀವ ಇದ್ದದ್ದು ಎರಡಕ್ಕೇ. ಒಂದು ಕೀಲಿಮಣೆಗೆ ಮೀಸಲು.

“ಇನ್ನೆಲ್ಲಿಗೆ? ಕಂಪ್ಯೂಟರ್ ಆರಿಸಿ, ಡಿಸ್ಕ್ ಕಿತ್ತು, ಅಲ್ಲಿಗೇ ಚುಚ್ಚಿದೆ ನೀನು. ಡಿಸ್ಕ್ ಇಲ್ದೆ ಎಲ್ಲಿ ಹೋಗಿ ಕೂರುತ್ತೇ ಇದು ಅಂತ ನಾನು ಕೇಳ್ದೆ. ಗುಡುಗಿನ ವಿಷಯ ಮಿಂಚಿಗೇನು ಗೊತ್ತು ಅಂದೆ ನೀನು.”

ಅಂದದ್ದು ಹೌದು. ಸೊಳ್ಳೆಯ ಸದ್ದಿನ ಜಾಗವನ್ನೂ ಕಣ್ಣು ಕಟ್ಟಿಕೊಂಡು ಹೇಳಬಲ್ಲ ಗುಡುಗಮ್ಮ, ಕಣ್ಣು ಬಿಟ್ಟುಕೊಂಡು, ತನ್ನ ಕೈಯಾರೆ, ತಂಗಿಯ ದನಿಯನ್ನು ಖಾಲಿ ಪೀಠದ ಮೇಲೆ ಇಟ್ಟಿದ್ದಳು. ಡಿಸ್ಕು ಇಲ್ಲದಿದ್ದರೂ ರಗಳೆ ಮಾಡಬೇಡ ಎಂದು ಆಕೆಯೇ ಹೇಳಿದ್ದಕ್ಕೆ ಯಂತ್ರ ಚಕಾರವೆತ್ತಲಿಲ್ಲ. ಫೋಲ್ಡರ್ ಇತ್ತು, ಹಕ್ಕು ಇತ್ತು, ಬರೆದುಕೊಂಡಿತು. ಆ ಫೋಲ್ಡರ್ ಆ ದಿನಗಳಲ್ಲಿ ಯಂತ್ರದ ಸ್ವಂತ ಡಿಸ್ಕಿನ ನೆಲವಷ್ಟೇ. ಕೆಲಸ ಮುಗಿದ ಮೇಲೆ ಆಕೆ ಮೈಕು ಕಿತ್ತು ಕೆಂಪು ಡಬ್ಬಿಯನ್ನು ಮತ್ತೆ ಚುಚ್ಚಿದಳು. ಡಬ್ಬಿ ಬಂದು ತನ್ನ ಜಾಗದಲ್ಲಿ ಧೊಪ್ಪನೆ ಕೂತಿತು. ಅಡಿಯಲ್ಲೇನಿದೆ ಎಂದು ನೋಡಲಿಲ್ಲ.

ಇನ್ನೊಂದು ನೆನಪೂ ಆಗ ಬಂತು. ಯಂತ್ರದ ಸ್ವಂತ ಡಿಸ್ಕಿನಲ್ಲಿ ಜಾಗ ಕಡಿಮೆಯಾಗುತ್ತಿದೆ ಎಂದು ಕೆಲವು ದಿನಗಳಿಂದ ಪರದೆಯ ಮೂಲೆಯಲ್ಲಿ ಗೊಣಗಾಟ ಬರುತ್ತಿತ್ತು. ನಿನಗೇನು ತಿನ್ನಿಸಿದ್ದೀನಿ ಹೊಟ್ಟೆ ತುಂಬಲಿಕ್ಕೆ ಎಂದು ಆಕೆ ಅದನ್ನು ಬೈದು ಮುಚ್ಚಿದ್ದಳು. ತಿನ್ನಿಸಿದ್ದು ಏನೆಂದು ಈಗ ತಿಳಿಯಿತು. ತಂಗಿ ಅದರ ಹೊಟ್ಟೆಯಲ್ಲಿ ಸುರಕ್ಷಿತವಾಗಿದ್ದಳು.

ಡಿಸ್ಕನ್ನು ಎಬ್ಬಿಸಲು ಹೇಳಿದಳು. ಯಂತ್ರ ಗುಪ್ತಪದ ಕೇಳಿತು, ಕೊಟ್ಟಳು. ಆದರೂ ಡಿಸ್ಕು ಏಳಲಿಲ್ಲ. target is busy ಎಂದು ಉತ್ತರ ಬಂತು, ಯಜಮಾನರು ಕೆಲಸದಲ್ಲಿದ್ದಾರೆ ಎಂಬಂತೆ. ಯಾವ ಕೆಲಸ ಎಂದು ಯೋಚಿಸಬೇಕಾಗಲೇ ಇಲ್ಲ. ಸಭಾಂಗಣದಲ್ಲಿ ಮೊಳಗುತ್ತಿದ್ದ ವಾದ್ಯಸಂಗೀತ ಬರುತ್ತಿದ್ದುದು ಅದೇ ಕೆಂಪು ಡಬ್ಬಿಯಿಂದ. ಸಂಗೀತ ನಿಂತ ಹೊರತು ಡಬ್ಬಿ ಏಳುವುದಿಲ್ಲ.

ಸಂಗೀತ ನಿಲ್ಲಿಸುತ್ತೇನೆ ಎಂದಾಗ ಮ್ಯಾನೇಜರು ಶಾಲನ್ನು ಎದೆಗೆ ಅವಚಿಕೊಂಡರು. ಸಂಗೀತ ನಿಂತರೆ ನಾಟಕ ಶುರುವಾಯಿತೆಂದು ಜನ ತಿಳಿಯುತ್ತಾರೆ, ಪರದೆ ಏಳದಿದ್ದರೆ ಸೀಟಿ ಹೊಡೆಯುತ್ತಾರೆ, ಆಮೇಲೆ ತನ್ನ ಗತಿ ಏನು ಎಂದು ಒಂದೇ ಉಸಿರಿನಲ್ಲಿ ಹೇಳಿದರು. ಡಿಸ್ಕು ಎದ್ದರೆ ಅದರಲ್ಲಿರುವ ಗುಡುಗು, ರೈಲು ಎಲ್ಲ ಅದರ ಜೊತೆಗೇ ಹೋಗುತ್ತವಲ್ಲ, ಜನರನ್ನು ಯಾವುದರಿಂದ ಹಿಡಿದಿಡುತ್ತೀರಿ ಎಂದೂ ಕೇಳಿದರು. ಪ್ರಶ್ನೆ ಸರಿಯಾಗಿತ್ತು. ಗುಡುಗಮ್ಮ ಸಂಗೀತ ನಿಲ್ಲಿಸಿದಳು.

ಸಭಾಂಗಣ ಒಮ್ಮೆಲೇ ಮೌನವಾಯಿತು. ಮೊದಲ ಸಾಲಿನಿಂದ ಒಂದು ತಲೆ ಹಿಂದಕ್ಕೆ ತಿರುಗಿ ಬೂತನ್ನು ನೋಡಿತು. ಸದ್ದಿನ ವಿಷಯದಲ್ಲಿ ತಂಗಿಗೆ ಮೋಸ ಮಾಡುವುದು ಸಾಧ್ಯವಿರಲಿಲ್ಲ. ಗುಡುಗಮ್ಮ ಡಿಸ್ಕಿಗೆ ಮತ್ತೆ ಏಳು ಎಂದಳು:

sudo umount /gudugu

ಈ ಸಲ ಯಂತ್ರ ಏನೂ ಅನ್ನಲಿಲ್ಲ. ಮತ್ತೆ findmnt ಕೇಳಿದಳು, ಅಲ್ಲಿ ಯಾರು ಕೂತಿದ್ದಾರೆ? ಯಂತ್ರ ಬಾಯಿ ಬಿಡಲಿಲ್ಲ. ಯಾರೂ ಕೂತಿಲ್ಲದಿದ್ದರೆ ಅದು ಏನೂ ಹೇಳುವುದಿಲ್ಲ. ಜೀವನವಿಡೀ ಸದ್ದಿನ ಹಿಂದೆ ಓಡಿದವಳಿಗೆ ಮೌನ ಇಷ್ಟು ಸಿಹಿಯಾಗಿ ಯಾವತ್ತೂ ಕೇಳಿಸಿರಲಿಲ್ಲ. ಹಾಗಾದರೆ ಈ ನೆಲ ಯಾರದ್ದು ಎಂದು df /gudugu ಎಂದು ಕೇಳಿದಳು. /dev/sda2 ಎಂದಿತು. ಯಂತ್ರದ ಸ್ವಂತ ಡಿಸ್ಕು. ಫೋಲ್ಡರ್ ತೆರೆದಳು. ಒಳಗೆ ಇದ್ದದ್ದು ಒಂದೇ ಒಂದು. ತಂಗಿ.

ಹೆಡ್‌ಫೋನ್ ಹಾಕಿಕೊಂಡು ಮೊದಲ ಕಡತವನ್ನು ಒತ್ತಿದಳು. ಅದು ನಾಟಕದ ಮಾತಾಗಿರಲಿಲ್ಲ. ಮೈಕು ಪರೀಕ್ಷಿಸುವಾಗ ಸಿಕ್ಕಿಹಾಕಿಕೊಂಡ ಮಾತು.

“ಅಕ್ಕಾ, ಇದನ್ನೆಲ್ಲಾ ಎಲ್ಲಿಡ್ತಿದೀಯ ಅಂತ ನಿನಗಾದ್ರೂ ಗೊತ್ತೇನೇ? ಆಮೇಲೆ ನನ್ನ ಕೇಳ್ಬೇಡ. ನಾನಾಗ ಹೇಳೋ ಸ್ಥಿತೀಲಿ ಇರಲ್ಲ.”

ಹಿಂದೆಯೇ ಅವಳ ನಗು. ಗುಡುಗಮ್ಮ ಕಣ್ಣೊರೆಸಿಕೊಳ್ಳಲೂ ಹೋಗಲಿಲ್ಲ, ಕೈಗಳಿಗೆ ಕೆಲಸವಿತ್ತು. ಆ ಫೋಲ್ಡರನ್ನು ಯಂತ್ರದೊಳಗೇ, ಡಬ್ಬಿ ಬಂದು ಕೂರದ ತನ್ನ ಸ್ವಂತ ಕಪಾಟಿಗೆ ಪ್ರತಿ ಮಾಡಲು ಹೇಳಿದಳು. ಮುದಿ ಯಂತ್ರ ಸಾಮಾನು ಹೊತ್ತು ಮೆಟ್ಟಿಲು ಹತ್ತುವವರಂತೆ ನಿಧಾನವಾಗಿ ಶುರುಮಾಡಿತು. ಕೆಳಗೆ ಜನ ಕದಲತೊಡಗಿದ್ದರು. ಯಾರೋ ಕೆಮ್ಮಿದರು, ಯಾರೋ ಗೊಣಗಿದರು. ಮೊದಲ ಸೀಟಿ ಬಂತು. ಮ್ಯಾನೇಜರು ಶಾಲಿನಲ್ಲಿ ಮುಖ ಮುಚ್ಚಿಕೊಂಡರು.

ಗುಡುಗಮ್ಮ ಎದ್ದು ಮೂಲೆಗೆ ಹೋದಳು. ತಗಡಿನ ಹಾಳೆಯ ಅಂಚಿನ ಧೂಳನ್ನು ಅಂಗೈಯಿಂದ ಒರೆಸಿ, ಹಳೆಯ ಗೆಳತಿಯ ಕೈ ಹಿಡಿದ ಹಾಗೆ ಹಿಡಿದಳು. ಗಂಡನ ಬೆರಳು ಆಗಲೇ ಮಿಂಚಿನ ಗುಂಡಿಯ ಮೇಲಿತ್ತು. ಆಕೆ ತಲೆಯಾಡಿಸಿದಳು.

“ಇವತ್ತು ಗುಡುಗು ಮೊದಲು.”

ಗಂಡ ಬೆರಳು ಹಿಂದಕ್ಕೆಳೆದುಕೊಂಡ. ಅವರ ಸಂಸಾರದ ಚರಿತ್ರೆಯಲ್ಲಿ ಅದು ಮೊದಲ ಸಲ.

ಆಮೇಲೆ ಆದದ್ದನ್ನು ಕಂಡವರು ಕಂಡಂತೆ ಹೇಳುತ್ತಾರೆ. ಎಲ್ಲೋ ಭೂಮಿಯ ಅಡಿಯಲ್ಲಿ ಹುಟ್ಟಿದ ಗುಡುಗು ಕುರ್ಚಿಯ ಕಾಲುಗಳಲ್ಲಿ ಹತ್ತಿ, ಜನರ ಬೆನ್ನುಹುರಿಯಲ್ಲಿ ನಡೆದು, ಸೂರಿನಲ್ಲಿ ಬಿರಿಯಿತು. ಹಿಂದೆಯೇ ಮಿಂಚು, ಗುಡುಗಿಗೆ ವಿಧೇಯವಾಗಿ. ಮತ್ತೆ ಗುಡುಗು. ಸೀಟಿ ಹೊಡೆಯುತ್ತಿದ್ದವನ ಸೀಟಿ ಗಂಟಲಲ್ಲೇ ಉಳಿದು, ಮರುದಿನವೂ ಅವನು ಮಾತಾಡಿದರೆ ಸಣ್ಣಗೆ ಸೀಟಿ ಕೇಳುತ್ತಿತ್ತಂತೆ. ಜನ ನಾಟಕ ಶುರುವಾಯಿತೆಂದು ಚಪ್ಪಾಳೆ ತಟ್ಟಿದರು. ಮೊದಲ ಸಾಲಿನಲ್ಲಿ ತಂಗಿ ಮಾತ್ರ ಹಿಂದಕ್ಕೆ ತಿರುಗಿಯೇ ಇದ್ದಳು. ಅದು ಡಿಸ್ಕಿನ ಗುಡುಗಲ್ಲ, ತಗಡಿನದು ಎಂದು ಅವಳ ಕಿವಿಗೆ ಗೊತ್ತಾಗಿತ್ತು. ಎರಡೂ ಕೈ ಎತ್ತಿ ಬೂತಿನ ಕಡೆ ಏನು ಎಂಬಂತೆ ಆಡಿಸಿದಳು. ಗುಡುಗಮ್ಮ ಕಿಟಕಿಯಿಂದಲೇ ಏನಿಲ್ಲ ಎಂದು ಸನ್ನೆ ಮಾಡಿ ಇನ್ನೊಮ್ಮೆ ಗುಡುಗಿಸಿದಳು.

ಪ್ರತಿ ಮುಗಿಯಿತು. ಆಕೆ ಕೆಂಪು ಡಬ್ಬಿಯನ್ನು ಮತ್ತೆ ಪೀಠಕ್ಕೇರಿಸಿ, findmnt ಹೊಡೆದು, ಕೂತವರು ಯಾರೆಂದು ಕಣ್ಣಾರೆ ನೋಡಿಯೇ ಮುಂದಿನ ಕೆಲಸಕ್ಕೆ ಕೈ ಹಾಕಿದಳು. ಪರದೆ ಎದ್ದಿತು. ಮನೆಯ ಪಡಸಾಲೆ, ಬೆಳಕು, ಹಸಿರು ಶಾಲು ಹೊದ್ದು ಬಂದ ನಾಯಕ. ಅವನು ಚಪ್ಪಲಿ ಕಳಚದೆ ಎರಡು ಹೆಜ್ಜೆ ಒಳಗಿಟ್ಟನೋ ಇಲ್ಲವೋ, ಗೋಡೆಯಾಚೆಯಿಂದ ಅಜ್ಜಿ ಗದರಿದಳು.

“ಯಾರದು? ಕಾಲಿಗೆ ಊರಿನ ಬೀದಿಯನ್ನೇ ಅಂಟಿಸಿಕೊಂಡು ಬಂದವರು ಯಾರದು?”

ಸಭಾಂಗಣ ನಕ್ಕಿತು. ಕೂತಿದ್ದ ಹತ್ತಾರು ಜನ ತಮಗೇ ತಿಳಿಯದೆ ಕುರ್ಚಿಯ ಕೆಳಗೆ ಚಪ್ಪಲಿ ಕಳಚಿದರು. ತಂಗಿಯ ತುಟಿಗಳು ಪ್ರತಿ ಮಾತಿಗೂ ಸದ್ದಿಲ್ಲದೆ ಆಡುತ್ತಿದ್ದವು. ಆ ಮಧ್ಯಾಹ್ನ ಅಜ್ಜಿ ಗದರಿದ ಕಡೆಯೆಲ್ಲ ಜನ ನಕ್ಕರು, ಮೊಮ್ಮಗನನ್ನು ಹತ್ತಿರ ಕರೆದ ಕಡೆ ಮೂಗು ಸೀಟುವ ಸದ್ದು ಬಾಲ್ಕನಿಯವರೆಗೂ ಕೇಳಿತು. ವಿರಾಮದಲ್ಲಿ ಪಕ್ಕದ ಕುರ್ಚಿಯ ಮುದುಕಿ ತಂಗಿಯ ಕಡೆ ಬಾಗಿ, ಆ ಅಜ್ಜಿ ಪಾತ್ರದವರು ಯಾರೋ ಗೊತ್ತಾ ತಾಯಿ, ನಮ್ಮತ್ತೆ ಎದ್ದು ಬಂದ ಹಾಗಾಯ್ತು ಎಂದಳಂತೆ. ತಂಗಿ ತನ್ನ ಕೊರಳಿನ ಬಟ್ಟೆಯನ್ನು ಮುಟ್ಟಿ, ಆಮೇಲೆ ತನ್ನ ಎದೆಯನ್ನು ಮುಟ್ಟಿ ತೋರಿಸಿದಳು. ಮುದುಕಿಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಅರ್ಥವಾದ ಮೇಲೆ ಅವಳು ಹಿಂದಿನ ಸಾಲಿಗೆ ಹೇಳಿದಳು, ಅವರು ಅದರ ಹಿಂದಿನ ಸಾಲಿಗೆ. ನಾಟಕ ಮುಗಿದು ಕಲಾವಿದರು ಸಾಲಾಗಿ ನಿಂತಾಗ ಜನ ರಂಗದ ಕಡೆ ನೋಡಲೇ ಇಲ್ಲ. ಎಲ್ಲರೂ ಎದ್ದು ಮೊದಲ ಸಾಲಿನ ನಡುವಿನ ಕುರ್ಚಿಗೆ ಚಪ್ಪಾಳೆ ತಟ್ಟುತ್ತಿದ್ದರು. ರಂಗದ ಮೇಲೆ ಕೈಕಾಲು ಹಗ್ಗವಾಗುತ್ತಿದ್ದ ಆ ಹೆಂಗಸು ಎದ್ದು, ತಿರುಗಿ, ಅಷ್ಟೂ ಜನರ ಎದುರು ನೆಟ್ಟಗೆ ನಿಂತಳು. ಚಪ್ಪಾಳೆಯ ಸದ್ದಿಗೆ ಬೂತಿನ ತಗಡು ತಾನಾಗಿಯೇ ಸಣ್ಣಗೆ ಗುಡುಗಿತೆಂದು ಗಂಡ ಹೇಳುತ್ತಾನೆ. ಅವನು ಸಾಮಾನ್ಯವಾಗಿ ಉತ್ಪ್ರೇಕ್ಷೆ ಮಾಡುವವನಲ್ಲ.

ಜನ ಚದುರಿದ ಮೇಲೆ ಎಲ್ಲರೂ ಬೂತಿನಲ್ಲಿ ಸೇರಿದರು. ತಂಗಿ ಅಕ್ಕನ ಪಕ್ಕ ಒತ್ತರಿಸಿಕೊಂಡು ಕೂತಳು. ಗುಡುಗಮ್ಮ ಮೈಕು ಪರೀಕ್ಷೆಯ ಆ ಮಾತನ್ನು ದೊಡ್ಡದಾಗಿಯೇ ಹಾಕಿ ಕೇಳಿಸಿದಳು. ನಿನಗಾದ್ರೂ ಗೊತ್ತೇನೇ ಎಂಬಲ್ಲಿ ತಂಗಿ ಅಕ್ಕನ ತೊಡೆ ಚಿವುಟಿ, ಬಾಯಿ ತೆರೆದು ಸದ್ದಿಲ್ಲದೆ ನಕ್ಕಳು. ಗಂಡ ತನ್ನ ಜೇಬಿನಿಂದ ಇನ್ನೊಂದು ಸಣ್ಣ ಡಿಸ್ಕನ್ನು ತೆಗೆದು ಹೆಂಡತಿಯ ಮುಂದಿಟ್ಟ. ಆಕೆ ಸೊಳ್ಳೆಯ ಮಾತೆತ್ತದೆ ಎರಡನೆಯ ಪ್ರತಿ ಮಾಡಲು ಕೂತಳು.

ಮ್ಯಾನೇಜರು ಮಾತ್ರ ಇಂಥ ಅವಕಾಶ ಬಿಡುವವರಲ್ಲ. ಖುಷಿಯಲ್ಲಿ ಕುರ್ಚಿಗೆ ಒರಗಿ, ಜೇಬುಗಳನ್ನು ಒಂದೊಂದಾಗಿ ತಡಕುತ್ತ ಕೆಣಕಿದರು.

“ಸೊಳ್ಳೆ ಸದ್ದೂ ಕಳೆಯಲ್ಲ ಅಂತಿದ್ರಿ ಗುಡುಗಮ್ಮ. ಒಡಹುಟ್ಟಿದವಳ ದನೀನೇ ಎಲ್ಲಿಟ್ರಿ ಅಂತ ಗೊತ್ತಿರ್ಲಿಲ್ಲ ನಿಮಗೆ. ಇನ್ಮೇಲಾದ್ರೂ ಆ ಮಾತು ಬಿಡ್ತೀರಾ? ಅದಿರ್ಲಿ, ನನ್ನ ಕನ್ನಡಕ ಎಲ್ಲಾದ್ರೂ ನೋಡಿದ್ರಾ ಯಾರಾದ್ರೂ?”

ಗುಡುಗಮ್ಮ ಕಂಪ್ಯೂಟರಿನ ಪರದೆಯಿಂದ ಕಣ್ಣು ಕೀಳಲಿಲ್ಲ. ತನ್ನ ಸೆರಗನ್ನೆಳೆದು ಎರಡೂ ಕಣ್ಣುಗಳ ಮೇಲೆ ಬಿಗಿಯಾಗಿ ಹಿಡಿದುಕೊಂಡಳು.

“ನೋಡ್ಕೊಳ್ಳಿ, ಕಣ್ಣು ಕಟ್ಕೊಂಡೇ ಹೇಳ್ತಿದೀನಿ. ಏಳಿ ಸಾರ್.”